ಟೀ-ಶರ್ಟಿಗೆ ಕತ್ತರಿ ಹಾಕಿದ ತಪ್ಪಿಗೆ

ಹೋದ ಮಳೆಗಾಲದ ಒಂದು ಶನಿವಾರ ನಮ್ಮ ಮನೆಯ ಊಟದ ಟೇಬಲ್ಲು ಕಟಿಂಗ್ ಟೇಬಲ್ಲಾಯಿತು. ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಂಡಿದ್ದ ಟೀ-ಶರ್ಟ್ ಪ್ಯಾಟರ್ನೊಂದನ್ನು ಆಫೀಸಿನ ಪ್ರಿಂಟರಿನಲ್ಲಿ, ಯಾರೂ ಇಲ್ಲದ ಹೊತ್ತು ನೋಡಿಕೊಂಡು, 22 ಹಾಳೆಗಳಲ್ಲಿ ಪ್ರಿಂಟ್ ತೆಗೆದಿದ್ದೆ. ಆ ಹಾಳೆಗಳನ್ನೆಲ್ಲ ಸೆಲ್ಲೋಟೇಪ್ ಹಚ್ಚಿ ಜೋಡಿಸುವುದಕ್ಕೇ ಅರ್ಧ ದಿನ ಹೋಯಿತು. ಬಟ್ಟೆ ಚಿಕ್ಕಪೇಟೆಯಿಂದ ತಂದದ್ದು. ಮೀಟರ್ ಲೆಕ್ಕದಲ್ಲಲ್ಲ, ಕೇಜಿ ಲೆಕ್ಕದಲ್ಲಿ. ಮಷೀನು ಅಮ್ಮನದು, ಅವಳ ಮದುವೆಯಲ್ಲಿ ಜೊತೆಗೆ ಬಂದದ್ದು.

ಮುಂದೊಂದು, ಹಿಂದೊಂದು, ತೋಳೆರಡು, ಕುತ್ತಿಗೆಗೊಂದು ಪಟ್ಟಿ. ಒಟ್ಟು ಐದೇ ತುಂಡು. ಬಟನ್ ಇಲ್ಲ, ಜಿಪ್ ಇಲ್ಲ, ಕಾಲರ್ ಇಲ್ಲ. ಇದಕ್ಕಿಂತ ಸುಲಭದ ಬಟ್ಟೆ ಯಾವುದಿದೆ? ಸಂಜೆಯೊಳಗೆ ಹೊಲಿದು ಮುಗಿಸಿ, ಕನ್ನಡಿ ಮುಂದೆ ನಿಂತು ತಲೆ ತೂರಿಸಿದೆ. ಪಟ್. ತೋಳು ಹಾಕಿದೆ. ಪಟ್, ಪಟ್. ಬಟ್ಟೆ ಎಲ್ಲೂ ಹರಿದಿರಲಿಲ್ಲ. ನಾನು ಹಾಕಿದ ಹೊಲಿಗೆಯ ದಾರವೇ ಸಾಲಾಗಿ ಕಿತ್ತುಕೊಂಡಿತ್ತು.

ಅಡುಗೆಮನೆಯಿಂದ ಅಮ್ಮ ಇಣುಕಿ ನೋಡಿದಳು. "ಅದಕ್ಕೇ ನಾನು ಬನಿಯನ್ ಬಟ್ಟೆ ಮುಟ್ಟಲ್ಲ. ಅದು ಗಾರ್ಮೆಂಟ್ಸ್‌ನೋರ ಕೆಲಸ" ಅಂದಳು.

ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಲವತ್ತು ವರ್ಷ ಬ್ಲೌಸು, ಲಂಗ, ಫ್ರಾಕು, ದಿಂಬಿನ ಕವರು ಎಲ್ಲವನ್ನೂ ಹೊಲಿದವಳು ಅಮ್ಮ. ಡಾರ್ಟು, ಲೈನಿಂಗು, ಹುಕ್ಕು ಎಲ್ಲ ಇರುವ ಬ್ಲೌಸಿಗೆ ಹೆದರದವಳು ಐದು ತುಂಡಿನ ಟೀ-ಶರ್ಟಿಗೆ ಯಾಕೆ ಕೈ ಹಾಕಲಿಲ್ಲ? ಲೋಕದ ಎಲ್ಲರೂ ಹಾಕುವ ಈ ಬಟ್ಟೆ ಮನೆಯ ಮಷೀನಿಗೆ ಯಾಕೆ ದಕ್ಕಲಿಲ್ಲ? ಹುಡುಕುತ್ತಾ ಹೋದರೆ ದಾರಿ ನಾನ್ನೂರು ವರ್ಷ ಹಿಂದಕ್ಕೆ ಹೋಯಿತು. ಮಧ್ಯದಲ್ಲಿ ಒಂದು ಕಡೆ ಗಲ್ಲಿನ ಕಾನೂನೂ ಸಿಕ್ಕಿತು.

ಮೊದಲು ಬಟ್ಟೆಯ ವಿಷಯ. ಯಾವುದಾದರೂ ಎಲ್ಲ ಕಡೆ ಬೆರೆತುಹೋಗಿದ್ದರೆ ನಾವು 'ಹಾಸುಹೊಕ್ಕಾಗಿದೆ' ಅಂತೀವಲ್ಲ, ಅದು ಮಗ್ಗದ ಮಾತು. ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡಕ್ಕೆ ಓಡಾಡುವ ಎಳೆ ಹೊಕ್ಕು. ಸೀರೆ, ಪಂಚೆ, ಶರ್ಟು, ಜೀನ್ಸು ಎಲ್ಲ ಹೀಗೆ ನೇಯ್ದ ಬಟ್ಟೆ. ಟೀ-ಶರ್ಟಿನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ದಾರ ಒಂದು ಕುಣಿಕೆಯಾಗುತ್ತದೆ, ಆ ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆ, ಅದರೊಳಗಿಂದ ಇನ್ನೊಂದು. ಅಜ್ಜಿ ಕಡ್ಡಿ ಹಿಡಿದು ಸ್ವೆಟರ್ ಹಾಕುತ್ತಿದ್ದಳಲ್ಲ, ಅದೇ. ಇದು ನೇಯ್ಗೆಯಲ್ಲ, ಹೆಣಿಗೆ.

ಹೆಣಿಗೆಗೆ ಎರಡು ಗುಣ. ಎಳೆದರೆ ಕುಣಿಕೆಗಳು ಅಗಲವಾಗಿ ಬಟ್ಟೆ ಹಿಗ್ಗುತ್ತದೆ, ಬಿಟ್ಟರೆ ವಾಪಸ್ ಕುಗ್ಗುತ್ತದೆ. ಮೈಗೆ ಹಾಯಾಗಿರುವುದು ಇದಕ್ಕೇ. ಎರಡನೆಯದು, ಕತ್ತರಿ ಹಾಕಿದರೆ ಅಂಚಿನಲ್ಲಿ ಕುಣಿಕೆಗಳು ಆಧಾರ ಕಳೆದುಕೊಳ್ಳುತ್ತವೆ. ಒಂದು ಬಿಚ್ಚಿದರೆ ಅದರ ಬೆನ್ನಿಗೆ ಮತ್ತೊಂದು, ಏಣಿಯ ಮೆಟ್ಟಿಲ ಹಾಗೆ ಕೆಳಗಿನವರೆಗೂ ಬಿಚ್ಚಿಕೊಳ್ಳಬಹುದು. ಹೆಣೆದ ಬಟ್ಟೆಗೂ ಕತ್ತರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಈ ಕತೆಯೆಲ್ಲ ನಡೆಯುವುದು ಆ ಸಂಬಂಧದ ಸುತ್ತಲೇ.

1589ನೇ ಇಸವಿ. ಯುರೋಪಿನಲ್ಲಿ ಆ ವರ್ಷ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿ ನಡೆದವು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಹುವಾನ್ ದೆ ಅಲ್ಸೆಗಾ ಎಂಬ ಟೈಲರನ ಪುಸ್ತಕ ಎರಡನೇ ಬಾರಿ ಅಚ್ಚಾಯಿತು. ಮೊದಲ ಮುದ್ರಣ ಬಂದದ್ದು 1580ರಲ್ಲಿ. ಬಟ್ಟೆಯ ಮೇಲೆ ಯಾವ ತುಂಡನ್ನು ಎಲ್ಲಿಟ್ಟು ಕತ್ತರಿಸಿದರೆ ಬಟ್ಟೆ ಕಡಿಮೆ ಹಾಳಾಗುತ್ತದೆ ಎಂದು ಚಿತ್ರ ಬರೆದು ತೋರಿಸಿದ ಪುಸ್ತಕ ಅದು. ಟೈಲರುಗಳು ಮಗನಿಗೋ ಶಿಷ್ಯನಿಗೋ ಮಾತ್ರ ಹೇಳಿಕೊಡುತ್ತಿದ್ದ ವಿದ್ಯೆ ಕಾಗದಕ್ಕಿಳಿಯಿತು. ನಾನು ಟೇಪ್ ಹಚ್ಚಿದ 22 ಹಾಳೆಗಳ ಮುತ್ತಜ್ಜ ಎನ್ನಿ.

ಅದೇ ವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನ ಕ್ಯಾಲ್ವರ್ಟನ್ ಎಂಬ ಹಳ್ಳಿಯ ವಿಲಿಯಂ ಲೀ ಹೆಣೆಯುವ ಮಷೀನೊಂದನ್ನು ಕಟ್ಟಿದ. ಆಗ ಗಂಡಸರೂ ಮಂಡಿಯವರೆಗೆ ಬರುವ ಕಾಲುಚೀಲ ಹಾಕುತ್ತಿದ್ದ ಕಾಲ. ಅವನ್ನೆಲ್ಲ ಕೈಯಲ್ಲೇ ಹೆಣೆಯಬೇಕಿತ್ತು. ಲೀಯ ಮಷೀನು ಒಂದು ಸಾಲಿನ ಕುಣಿಕೆಗಳನ್ನೆಲ್ಲ ಒಟ್ಟಿಗೇ ಹಾಕುತ್ತಿತ್ತು. ಅವನು ಪೇಟೆಂಟ್ ಕೇಳಿಕೊಂಡು ಒಂದನೇ ಎಲಿಜಬೆತ್ ರಾಣಿಯ ಬಳಿಗೆ ಹೋದನಂತೆ, ಕೈಯಲ್ಲಿ ಹೆಣೆದು ಹೊಟ್ಟೆ ಹೊರೆಯುವ ನನ್ನ ಬಡ ಪ್ರಜೆಗಳ ಗತಿ ಏನು ಅಂತ ಅವಳು ಒಪ್ಪಲಿಲ್ಲವಂತೆ. ಇದು ಇಂಗ್ಲೆಂಡಿನಲ್ಲಿ ಹೇಳಿಕೊಂಡು ಬಂದ ಕತೆ. ಪೇಟೆಂಟ್ ಸಿಗಲಿಲ್ಲ ಅನ್ನುವುದಂತೂ ನಿಜ. ಲೀ ಫ್ರಾನ್ಸಿಗೆ ಹೋದ. ಅಲ್ಲಿನ ದೊರೆ ನಾಲ್ಕನೇ ಹೆನ್ರಿ ಆಸರೆ ಕೊಟ್ಟ. 1610ರಲ್ಲಿ ಹೆನ್ರಿಯ ಕೊಲೆಯಾಯಿತು, ಲೀಯ ಆಸೆಯೂ ಮುಗಿಯಿತು. ಕೆಲವೇ ವರ್ಷಗಳಲ್ಲಿ ಅವನೂ ತೀರಿಕೊಂಡ. ಮಷೀನುಗಳನ್ನು ಇಂಗ್ಲೆಂಡಿಗೆ ವಾಪಸ್ ತಂದವನು ಅವನ ತಮ್ಮ.

ಆಮೇಲಿನ ಇನ್ನೂರು ವರ್ಷ ನಾಟಿಂಗ್‌ಹ್ಯಾಮ್ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಈ ಮಷೀನು ಮನೆಮನೆಯಲ್ಲೂ ಸದ್ದು ಮಾಡಿತು. ಕಾರ್ಖಾನೆ ಅಂತ ಇರಲಿಲ್ಲ. ಕಿಟಕಿ ಪಕ್ಕ ಫ್ರೇಮು. ಯಜಮಾನ ಹೆಣೆದರೆ ಹೆಂಡತಿ ಮಕ್ಕಳು ದಾರ ಸುತ್ತಿ, ಹೊಲಿಗೆ ಹಾಕುತ್ತಿದ್ದರು. ಈ ಕಸುಬಿನಲ್ಲಿ ಒಂದು ಗುಟ್ಟಿದೆ. ಕಾಲುಚೀಲಕ್ಕೆ ಅವರು ಕತ್ತರಿ ಹಾಕುತ್ತಲೇ ಇರಲಿಲ್ಲ. ಮೀನಖಂಡದ ಹತ್ತಿರ ಕುಣಿಕೆ ಹೆಚ್ಚಿಸಿ, ಕಣಕಾಲಿನ ಹತ್ತಿರ ಕಡಿಮೆ ಮಾಡಿ, ಕಾಲಿನ ಆಕಾರಕ್ಕೇ ಬಟ್ಟೆಯನ್ನು ಹೆಣೆಯುತ್ತಿದ್ದರು. ಎರಡೂ ಅಂಚು ಭದ್ರ. ಅಂಚಿಗೆ ಅಂಚು ಸೇರಿಸಿ ಹೊಲಿದರೆ ಮುಗಿಯಿತು, ಒಂದು ಕುಣಿಕೆಯೂ ಬಿಚ್ಚುತ್ತಿರಲಿಲ್ಲ. ಆಕಾರ ಗೊತ್ತಿದ್ದದ್ದು ಹೆಣೆಯುವವನಿಗೆ. ಪ್ಯಾಟರ್ನು ಅವನ ಕೈಯಲ್ಲೇ ಇತ್ತು.

19ನೇ ಶತಮಾನದ ಆರಂಭಕ್ಕೆ ಕಾಲ ಕೆಟ್ಟಿತು. ನೆಪೋಲಿಯನ್ ಜೊತೆ ಯುದ್ಧ, ಬ್ರೆಡ್ಡಿನ ಬೆಲೆ ಆಕಾಶಕ್ಕೆ, ವ್ಯಾಪಾರ ಪಾತಾಳಕ್ಕೆ. ಆಗ ಕೆಲವು ದಣಿಗಳು ಒಂದು ಅಡ್ಡದಾರಿ ಹುಡುಕಿದರು. ಅಗಲವಾದ ಫ್ರೇಮಿನಲ್ಲಿ ಆಕಾರವಿಲ್ಲದ ಉದ್ದನೆಯ ಬಟ್ಟೆ ಹೆಣೆಸುವುದು, ಕಾಲುಚೀಲದ ಆಕಾರಕ್ಕೆ ಕತ್ತರಿಯಲ್ಲಿ ಕತ್ತರಿಸುವುದು, ಹೊಲಿದು ಮಾರುವುದು. ಈ ಮಾಲಿಗೆ ಇಂಗ್ಲಿಷಿನಲ್ಲಿ 'ಕಟ್-ಅಪ್' ಅಂತ ಹೆಸರು. ಅಂಗಡಿಯಲ್ಲಿ ನೋಡಲು ಎರಡೂ ಒಂದೇ. ನಾಲ್ಕು ಸಲ ಒಗೆದರೆ ಕತ್ತರಿಸಿದ ಅಂಚು ಬಿಚ್ಚಿ, ಚೀಲ ಬಾಯಿ ತೆರೆಯುತ್ತಿತ್ತು. ಕೊಂಡವರು ಬೈದದ್ದು ಒಟ್ಟು ನಾಟಿಂಗ್‌ಹ್ಯಾಮ್ ಮಾಲಿಗೆ. ವರ್ಷಗಟ್ಟಲೆ ಕಲಿತ ಹೆಣಿಗೆಗಾರನ ಅಗತ್ಯ ದಣಿಗೆ ಕಡಿಮೆಯಾಯಿತು. ಚೌಕ ಬಟ್ಟೆ ಹೆಣೆಯಲು ಅರೆಬರೆ ಕಲಿತವನಾದರೂ ಸಾಕು, ಕೂಲಿ ಅರ್ಧ ಕೊಟ್ಟರೂ ಬರುತ್ತಾನೆ. ಫ್ರೇಮಿನ ಬಾಡಿಗೆ ಮಾತ್ರ ಕೆಲಸ ಇದ್ದರೂ ಇಲ್ಲದಿದ್ದರೂ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು.

1811ರ ಮಾರ್ಚ್‌ನಲ್ಲಿ ಆರ್ನಲ್ಡ್ ಎಂಬ ಹಳ್ಳಿಯಲ್ಲಿ ಫ್ರೇಮುಗಳನ್ನು ಒಡೆಯುವುದು ಶುರುವಾಯಿತು. ನೆಡ್ ಲಡ್ ಎಂಬ ಕಾಲ್ಪನಿಕ ನಾಯಕನ ಹೆಸರಲ್ಲಿ ಬೆದರಿಕೆ ಪತ್ರಗಳು ಹೊರಟವು. ಒಂದು ವರ್ಷದಲ್ಲಿ ಸುಮಾರು ಒಂದು ಸಾವಿರ ಫ್ರೇಮುಗಳು ಪುಡಿಯಾದವು. ಹೌದು, ಇವರೇ ಲಡ್ಡೈಟರು. ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿಗೆ ಮೂಗು ಮುರಿಯುವ ಸೀನಿಯರಿಗೆ ನಾವು ಹಿಂದಿನಿಂದ ಇಡುವ ಹೆಸರು. ಯಂತ್ರ ಕಂಡರಾಗದವರು ಅಂತ ಅರ್ಥ ಮಾಡಿಕೊಂಡಿದ್ದೀವಿ. ನಾಟಿಂಗ್‌ಹ್ಯಾಮಿನಲ್ಲಿ ಆದದ್ದು ಬೇರೆ. ಆ ಜನ ಇನ್ನೂರು ವರ್ಷದಿಂದ ಯಂತ್ರದ ಜೊತೆಗೇ ಬಾಳಿದವರು, ಯಂತ್ರದಿಂದಲೇ ಅನ್ನ ತಿಂದವರು. ಒಡೆಯಲು ಬಂದಾಗಲೂ ಆರಿಸಿ ಒಡೆಯುತ್ತಿದ್ದರು. ಕೂಲಿ ಇಳಿಸಿದವನ ಫ್ರೇಮು, ಕಟ್-ಅಪ್ ಮಾಡಿಸುವವನ ಫ್ರೇಮು ಪುಡಿ. ನ್ಯಾಯವಾಗಿ ನಡೆಸಿಕೊಂಡವನದು ಎಷ್ಟೋ ಕಡೆ ಹಾಗೇ ಉಳಿಯುತ್ತಿತ್ತು. ಅವರ ಜಗಳ ಯಂತ್ರದ ಮೇಲಿರಲಿಲ್ಲ, ಅದನ್ನು ಯಾವುದಕ್ಕೆ ಬಳಸುತ್ತಿದ್ದಾರೆ ಅನ್ನುವುದರ ಮೇಲಿತ್ತು.

ಸರ್ಕಾರ ಸಾವಿರಾರು ಸೈನಿಕರನ್ನು ಕಳಿಸಿತು. 1812ರಲ್ಲಿ ಫ್ರೇಮು ಒಡೆದವರಿಗೆ ಮರಣದಂಡನೆ ಎಂಬ ಮಸೂದೆ ಬಂತು. ಆ ವರ್ಷದ ಫೆಬ್ರವರಿ 27ರಂದು ಹೌಸ್ ಆಫ್ ಲಾರ್ಡ್ಸ್‌ನಲ್ಲಿ 24ರ ಹರೆಯದ ಸದಸ್ಯನೊಬ್ಬ ತನ್ನ ಚೊಚ್ಚಲ ಭಾಷಣ ಮಾಡಿ, ಹಸಿದವರನ್ನು ನೇಣಿಗೆ ಹಾಕುವುದು ಪರಿಹಾರವಲ್ಲ ಎಂದು ವಾದಿಸಿದ. ಅವನು ಕವಿ ಬೈರನ್. ಅವನ ಪಿತ್ರಾರ್ಜಿತ ಮನೆ ಇದ್ದದ್ದೂ ಆ ಜಿಲ್ಲೆಯಲ್ಲೇ. ಮಸೂದೆ ಪಾಸಾಯಿತು. ಅದೇ ವರ್ಷ ಗ್ರೇವ್ನರ್ ಹೆನ್ಸನ್ ಎಂಬ ಹೆಣಿಗೆಗಾರ ಇನ್ನೊಂದು ದಾರಿ ಹಿಡಿದ. ಸುತ್ತಿಗೆ ಬಿಟ್ಟು ಅರ್ಜಿ ಹಿಡಿದು, ಕಸುಬಿನ ಮೋಸಗಳನ್ನು ತಡೆಯುವ ಕಾನೂನು ಮಾಡಿ ಎಂದು ಪಾರ್ಲಿಮೆಂಟಿಗೆ ಹೋದ. ಕೆಳಮನೆ ಒಪ್ಪಿತು, ಮೇಲ್ಮನೆ ತಿರಸ್ಕರಿಸಿತು. ಕುಣಿಕೆ ಹೆಣೆಯುವವನ ಕುತ್ತಿಗೆಗೆ ಕುಣಿಕೆ ಸಿದ್ಧವಾಯಿತು. ಅವನು ಕೇಳಿದ ರಕ್ಷಣೆ ಸಿಗಲಿಲ್ಲ.

ಕತ್ತರಿ ಗೆದ್ದಿತು. ಮೋಸ ಅನ್ನಿಸಿಕೊಂಡಿದ್ದೇ ಮುಂದಿನ ನೂರು ವರ್ಷದಲ್ಲಿ ಪದ್ಧತಿಯಾಯಿತು. ಅದಕ್ಕೆ ಮೂರು ಸಾಧನ ಸಹಾಯಕ್ಕೆ ಬಂದವು. 1816ರಲ್ಲಿ ಮಾರ್ಕ್ ಬ್ರೂನೆಲ್ ಎಂಬ ಎಂಜಿನಿಯರ್ ದುಂಡಗೆ ಸುತ್ತುತ್ತಾ ಕೊಳವೆಯಂತೆ ಬಟ್ಟೆ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಬನಿಯನ್ ಬಟ್ಟೆ ಕೊಳವೆಯಾಗಿಯೇ ಹುಟ್ಟುತ್ತದೆ. ಪಕ್ಕದಲ್ಲಿ ಹೊಲಿಗೆಯೇ ಇಲ್ಲದ ಬನಿಯನ್ನು ನಿಮ್ಮ ಮನೆಯಲ್ಲೂ ಇರಬಹುದು, ನೋಡಿ. 1849ರಲ್ಲಿ ಲೆಸ್ಟರಿನ ಮ್ಯಾಥ್ಯೂ ಟೌನ್ಸೆಂಡ್ ಬಾಯಿ ತೆರೆದು ಮುಚ್ಚುವ ಪುಟ್ಟ ನಾಲಗೆಯಿರುವ ಸೂಜಿಯನ್ನು ತಂದ; ಹೆಣೆಯುವ ವೇಗ ಏರಿತು. ಮೂರನೆಯದು ಬಂದದ್ದು ಅಮೆರಿಕದ ಕನೆಕ್ಟಿಕಟ್‌ನಿಂದ. ಮೆರೋ ಎಂಬ ಕುಟುಂಬ ಮೊದಲು ಮದ್ದಿನಪುಡಿ ಕಾರ್ಖಾನೆ ನಡೆಸುತ್ತಿತ್ತು, ಆಮೇಲೆ ಹೆಣಿಗೆ ಮಿಲ್ಲಿಗೆ ಬಂತು. 1881ರಲ್ಲಿ ಜೋಸೆಫ್ ಮೆರೋ, ಹೆಣೆದ ಬಟ್ಟೆಯ ಅಂಚಿನ ಸುತ್ತ ದಾರ ಬಳಸಿ ಹೊಲಿಯುವ ಮಷೀನನ್ನು ರೂಪಿಸಿದ. ಅದೇ ಓವರ್‌ಲಾಕ್. ಬಿಚ್ಚಿಹೋಗುವ ಕುಣಿಕೆಗಳನ್ನು ದಾರದ ಪಂಜರದಲ್ಲಿ ಹಿಡಿದಿಡುವ, ಬಟ್ಟೆ ಹಿಗ್ಗಿದಾಗ ತಾನೂ ಹಿಗ್ಗುವ ಹೊಲಿಗೆ. ನಾಟಿಂಗ್‌ಹ್ಯಾಮಿನ ಕಟ್-ಅಪ್‌ಗೆ ಇಲ್ಲದಿದ್ದ ಭದ್ರತೆ ಇದರಿಂದ ಬಂತು.

ಇಷ್ಟಾದ ಮೇಲೆ ಟೀ-ಶರ್ಟು ಹುಟ್ಟಲು ತಡವಾಗಲಿಲ್ಲ. 1913ರ ಹೊತ್ತಿಗೆ ಅಮೆರಿಕದ ನೌಕಾಪಡೆ ಬಿಳಿ ಹತ್ತಿಯ ಅರ್ಧ ತೋಳಿನ ಒಳಅಂಗಿಯನ್ನು ಸಮವಸ್ತ್ರದ ಭಾಗ ಮಾಡಿತು. ಮೊದಲ ಮಹಾಯುದ್ಧದಲ್ಲಿ ಬಟ್ಟೆಗೆ ಬರ ಬಂದಾಗ ಪ್ಯಾರಿಸಿನ ಕೊಕೊ ಶನೆಲ್, ಗಂಡಸರ ಒಳಉಡುಪಿನ ಬಟ್ಟೆ ಎಂದು ಯಾರೂ ಲೆಕ್ಕಕ್ಕಿಡದ ಜರ್ಸಿಯಲ್ಲಿ ಶ್ರೀಮಂತ ಹೆಂಗಸರಿಗೆ ಉಡುಪು ಹೊಲಿದಳು. ಅಂದಹಾಗೆ ಈ ಜರ್ಸಿ ಬಟ್ಟೆಗೂ ನಮ್ಮ ಡೇರಿಗೆ ಹಾಲು ಕೊಡುವ ಜರ್ಸಿ ಹಸುವಿಗೂ ತವರು ಒಂದೇ, ಇಂಗ್ಲಿಷ್ ಕಡಲ್ಗಾಲುವೆಯ ಪುಟ್ಟ ದ್ವೀಪ. ಅಲ್ಲಿಯವರು ಹೆಣಿಗೆಗೆ ಹೆಸರಾದವರು. 1951ರಲ್ಲಿ ಮಾರ್ಲನ್ ಬ್ರ್ಯಾಂಡೊ ಸಿನಿಮಾ ತೆರೆಯ ಮೇಲೆ ಟೀ-ಶರ್ಟಿನಲ್ಲಿ ಬೆವರು ಸುರಿಸಿದ ಮೇಲೆ ಒಳಅಂಗಿ ಬರೀ ಒಳಅಂಗಿಯಾಗಿ ಉಳಿಯಲಿಲ್ಲ.

ಇದೆಲ್ಲ ಕಾರ್ಖಾನೆಯ ಕತೆಯಾಯಿತು. ಮನೆಯಲ್ಲಿ ಹೊಲಿಯುವವರ ಕತೆ ಇನ್ನೊಂದು ದಾರಿಯಲ್ಲಿ ನಡೆಯುತ್ತಿತ್ತು.

1860ರಲ್ಲಿ ನ್ಯೂಯಾರ್ಕಿನ ಎಲೆನ್ ಡೆಮೊರೆಸ್ಟ್ ತನ್ನ ಪತ್ರಿಕೆಯ ಜೊತೆ ಕಾಗದದ ಪ್ಯಾಟರ್ನು ಮಾರಲು ಶುರು ಮಾಡಿದಳು. ತೊಂದರೆ ಏನೆಂದರೆ ಅಳತೆ ಒಂದೇ. ದಪ್ಪಗಿದ್ದರೂ ತೆಳ್ಳಗಿದ್ದರೂ ಅವರವರೇ ಹಿಗ್ಗಿಸಿ ಕುಗ್ಗಿಸಿಕೊಳ್ಳಬೇಕು. ಮ್ಯಾಸಚೂಸೆಟ್ಸ್‌ನ ಸ್ಟರ್ಲಿಂಗ್ ಎಂಬ ಊರಿನ ಟೈಲರ್ ಎಬೆನೀಜರ್ ಬಟರಿಕ್‌ನ ಮನೆಯಲ್ಲಿ ಇದೇ ರಗಳೆಯಾಯಿತಂತೆ. ಮಗುವಿಗೆ ಅಂಗಿ ಹೊಲಿಯುತ್ತಿದ್ದ ಹೆಂಡತಿ, ಬೇಕಾದ ಅಳತೆಗೇ ಪ್ಯಾಟರ್ನು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಅಂದಳಂತೆ. 1863ರಲ್ಲಿ ಬಟರಿಕ್ ಬೇರೆ ಬೇರೆ ಅಳತೆಯ ಪ್ಯಾಟರ್ನುಗಳನ್ನು ಮಾರುಕಟ್ಟೆಗೆ ತಂದ, ತೆಳ್ಳಗಿನ ಟಿಶ್ಯೂ ಕಾಗದದಲ್ಲಿ. ಮೊದಲು ಗಂಡಸರ, ಹುಡುಗರ ಬಟ್ಟೆ, ಆಮೇಲೆ ಹೆಂಗಸರದು. ಆ ಪ್ಯಾಟರ್ನುಗಳ ಮೇಲೆ ಒಂದಕ್ಷರವೂ ಇರುತ್ತಿರಲಿಲ್ಲ. ಬರೀ ತೂತು ಮತ್ತು ಕಚ್ಚು. ಗೆರೆ, ಅಕ್ಷರ ಅಚ್ಚಾಗಿ ಬಂದದ್ದು 1920ರ ದಶಕದ ಹೊತ್ತಿಗೆ.

ಸಿಂಗರ್ ಮಷೀನು 1851ರಲ್ಲೇ ಪೇಟೆಂಟ್ ಆಗಿತ್ತು. ಮಷೀನೂ ಬಂತು, ಪ್ಯಾಟರ್ನೂ ಬಂತು. ಆದರೆ ಎರಡೂ ನೇಯ್ದ ಬಟ್ಟೆಗೆ ಹೇಳಿ ಮಾಡಿಸಿದವು. ಮನೆ ಮಷೀನಿನ ಹೊಲಿಗೆಯಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಬಟ್ಟೆಯ ನಡುವೆ ಒಂದಕ್ಕೊಂದು ಸಿಕ್ಕಿಕೊಂಡು ನೆಟ್ಟಗೆ ಸಾಗುತ್ತವೆ. ನೇಯ್ದ ಬಟ್ಟೆ ಹಿಗ್ಗುವುದಿಲ್ಲ, ಆದ್ದರಿಂದ ಸರಿ. ಬನಿಯನ್ ಬಟ್ಟೆ ಹಿಗ್ಗುತ್ತದೆ, ಹೊಲಿಗೆ ಹಿಗ್ಗುವುದಿಲ್ಲ. ಪಟ್. ನನ್ನ ಶನಿವಾರದ ಸೋಲಿಗೆ ಕಾರಣ ಇಷ್ಟೇ. ಅಮ್ಮನ ಭಯಕ್ಕೂ ಇದೇ ಕಾರಣ. ಹೀಗೆ ಸುಮಾರು ನೂರು ವರ್ಷ, ಮನೆಯಲ್ಲಿ ಕೋಟು ಹೊಲಿಯಬಲ್ಲವರಿಗೂ ಬನಿಯನ್ ಹೊಲಿಯಲು ಬರುತ್ತಿರಲಿಲ್ಲ.

ಬೀಗ ತೆಗೆದವರಲ್ಲಿ ಒಬ್ಬಳು ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ಊರಿನ ಹೊಲಿಗೆ ಟೀಚರ್ ಆನ್ ಪರ್ಸನ್. ಬಟ್ಟೆಯನ್ನು ಸೂಜಿಯ ಹಿಂದೂ ಮುಂದೂ ಹಿಡಿದು, ಹದವಾಗಿ ಎಳೆದುಕೊಂಡು ಹೊಲಿದರೆ ನೇರ ಹೊಲಿಗೆಯಲ್ಲೇ ದಾರ ಸ್ವಲ್ಪ ಹೆಚ್ಚು ಕೂರುತ್ತದೆ. ಬಿಟ್ಟಾಗ ಬಟ್ಟೆ ಕುಗ್ಗುತ್ತದೆ, ಆ ಹೆಚ್ಚುವರಿ ದಾರ ಮುಂದಿನ ಎಳೆತಕ್ಕೆ ಉಳಿದಿರುತ್ತದೆ. ಹೀಗೆ ಕಲಿಸುತ್ತಾ 1960ರ ದಶಕದಲ್ಲಿ 'ಸ್ಟ್ರೆಚ್ ಅಂಡ್ ಸೋ' ಎಂಬ ಸಂಸ್ಥೆ ಕಟ್ಟಿದಳು. ಪ್ಯಾಟರ್ನು, ಹೆಣೆದ ಬಟ್ಟೆ, ಕ್ಲಾಸು ಮೂರೂ ಒಂದೇ ಕಡೆ ಸಿಗುವ ಅದರ ಅಂಗಡಿಗಳು ಎಷ್ಟೋ ಊರುಗಳಲ್ಲಿ ತೆರೆದವು. ಸ್ವೀಡನ್ನಿನಿಂದ ಹೋಗಿ ಮಿನಿಯಾಪೊಲಿಸ್‌ನಲ್ಲಿ ನೆಲೆಸಿದ ಶೆರ್ಸ್ಟಿನ್ ಮಾರ್ಟೆನ್ಸನ್ 1967ರಲ್ಲಿ 'ಕ್ವಿಕ್ ಸೋ' ಪ್ಯಾಟರ್ನು ಕಂಪನಿ ಶುರು ಮಾಡಿದಳು. ಅಷ್ಟರಲ್ಲಿ ಮನೆ ಮಷೀನುಗಳಲ್ಲೂ ಜಿಗ್‌ಜಾಗ್ ಹೊಲಿಗೆ ಬಂದಿತ್ತು. ಅಂಕುಡೊಂಕಾಗಿ ಸಾಗುವ ದಾರಕ್ಕೆ ನೆಟ್ಟಗಾಗಲು ಜಾಗವಿದೆ, ಆದ್ದರಿಂದ ಕಿತ್ತು ಬರುವುದಿಲ್ಲ. ತುದಿ ದುಂಡಗಿನ ಸೂಜಿಯೂ ಬಂತು. ಅದು ದಾರವನ್ನು ಚುಚ್ಚದೆ ಕುಣಿಕೆಗಳ ನಡುವೆ ಸರಿದು ಹೋಗುತ್ತದೆ.

ಆದರೆ ಮನೆಯವರ ಕೈಗೆ ವಿದ್ಯೆ ಬಂದ ಕೆಲವೇ ವರ್ಷಗಳಲ್ಲಿ ಅಂಗಡಿಯ ಟೀ-ಶರ್ಟು ಬಟ್ಟೆಯ ಬೆಲೆಗಿಂತ ಅಗ್ಗವಾಯಿತು. ಹೊಲಿಯುವ ಕೆಲಸ ದೇಶ ಬಿಟ್ಟು ದೇಶಕ್ಕೆ ಹೊರಟಿತು. ಎಲ್ಲಿಗೆ ಬಂತು? ನಮ್ಮಲ್ಲಿಗೆ.

ನಮ್ಮಲ್ಲಿ ಪ್ಯಾಟರ್ನಿನ ಪ್ಯಾಕೆಟ್ಟು ಎಂದೂ ಬೇರೂರಲಿಲ್ಲ. ನಮ್ಮ ಪ್ಯಾಟರ್ನು 'ಅಳತೆ ಬ್ಲೌಸು'. ಸರಿಯಾಗಿ ಕೂರುವ ಒಂದು ಹಳೇ ಬ್ಲೌಸನ್ನು ಟೈಲರಿಗೆ ಕೊಟ್ಟು 'ಇದೇ ಅಳತೆಗೆ, ತೋಳು ಅರ್ಧ ಇಂಚು ಉದ್ದ' ಅಂದರೆ ಮುಗಿಯಿತು. ಟೈಲರಿಂಗ್ ಕ್ಲಾಸಿಗೆ ಹೋದ ಅಮ್ಮಂದಿರು ಎದೆ ಸುತ್ತಳತೆಯ ನಾಲ್ಕನೇ ಒಂದು ಭಾಗ, ಅದಕ್ಕೆ ಇಷ್ಟು ಇಂಚು ಸೇರಿಸು ಅಂತ ಲೆಕ್ಕ ಹಾಕಿ ನ್ಯೂಸ್‌ಪೇಪರ್ ಮೇಲೆ ಕಟಿಂಗ್ ಮಾಡುತ್ತಿದ್ದರು. ಹೊಲಿಗೆ ಮಷೀನಿಗೆ ನಮ್ಮಲ್ಲಿ ಒಂದು ವಿಶೇಷ ಮರ್ಯಾದೆಯೂ ಇತ್ತು. ಯಂತ್ರಗಳ ಬಗ್ಗೆ ಕಠಿಣವಾಗಿದ್ದ ಗಾಂಧೀಜಿ 1924ರಲ್ಲಿ ವಿದ್ಯಾರ್ಥಿಯೊಬ್ಬನ ಪ್ರಶ್ನೆಗೆ ಉತ್ತರಿಸುತ್ತಾ ಸಿಂಗರ್ ಮಷೀನಿಗೆ ವಿನಾಯಿತಿ ಕೊಟ್ಟಿದ್ದರು. ಯಂತ್ರ ಮನುಷ್ಯನ ಶ್ರಮ ಹಗುರ ಮಾಡಬೇಕು, ಅವನ ಕೈಯನ್ನು ನಿರುಪಯೋಗಿ ಮಾಡಬಾರದು ಅನ್ನುವುದು ಅವರ ವಾದದ ತಿರುಳು. ನಾಟಿಂಗ್‌ಹ್ಯಾಮಿನ ಹೆಣಿಗೆಗಾರರಿಗೆ ಈ ಮಾತು ಅರ್ಥವಾಗುತ್ತಿತ್ತು.

ಬನಿಯನ್ ಮಾತ್ರ ಕಾರ್ಖಾನೆಯದಾಗಿಯೇ ಉಳಿಯಿತು. ತಿರುಪ್ಪೂರಿನಲ್ಲಿ 1920ರ ದಶಕದಲ್ಲಿ ಶುರುವಾದ ಹೆಣಿಗೆ ಘಟಕಗಳು ದೇಶಕ್ಕೆಲ್ಲ ಬನಿಯನ್ ಕೊಟ್ಟವು, 1980ರ ದಶಕದಿಂದ ಹೊರದೇಶಗಳಿಗೆ ಟೀ-ಶರ್ಟು ಕಳಿಸಿದವು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಬೆಳೆದವು. ಲಕ್ಷಾಂತರ ಕೆಲಸಗಾರರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಬೆಳಗ್ಗೆ ನಾವು ಕ್ಯಾಬಿನಲ್ಲಿ ಕೂತು ಟ್ರಾಫಿಕ್ಕಿಗೆ ಬೈಯುವಾಗ ಪಕ್ಕದ ಟೆಂಪೋದಲ್ಲಿ ನಿಂತು ಹೋಗುವವರು. 2016ರ ಏಪ್ರಿಲ್ 18 ಮತ್ತು 19ರಂದು ಅವರು ರಸ್ತೆಗಿಳಿದಾಗ ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್ ಆದದ್ದು ನೆನಪಿರಬೇಕು. ಪಿಎಫ್‌ನಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅನ್ನುವ ಹೊಸ ನಿಯಮದ ವಿರುದ್ಧ ಎದ್ದವರು ಅವರು. ಕಲ್ಲು ಬಿತ್ತು, ಲಾಠಿ ಬಿತ್ತು, ಬಸ್ಸು ಉರಿಯಿತು. ಎರಡನೇ ದಿನ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವತ್ತು ನಾನು ವರ್ಕ್ ಫ್ರಮ್ ಹೋಮ್ ಮಾಡಿ ಸುಮ್ಮನಾಗಿದ್ದೆ. ನಾನು ಹಾಕಿಕೊಂಡಿದ್ದ ಟೀ-ಶರ್ಟಿಗೂ ಆ ಗಲಾಟೆಗೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ.

ನಮ್ಮ ಬೀದಿಯ ಕೊನೆಯ ಮನೆಯ ಅಕ್ಕ ಗಾರ್ಮೆಂಟ್ಸ್‌ನಲ್ಲಿ ಹನ್ನೆರಡು ವರ್ಷ ಓವರ್‌ಲಾಕ್ ಆಪರೇಟರ್ ಆಗಿದ್ದವರು. ಚಿಕ್ಕಂದಿನಿಂದ ನನ್ನನ್ನು ನೋಡಿದವರು. ಅಮ್ಮನ ಸಲಹೆಯಂತೆ ಮುಂದಿನ ಭಾನುವಾರ ಅವರನ್ನು ಕರೆದೆ. ಕಿತ್ತುಹೋದ ಟೀ-ಶರ್ಟನ್ನು ತಿರುವಿ ನೋಡಿ ನಕ್ಕರು. "ದಾರ ಬಿಚ್ಚು. ಜಿಗ್‌ಜಾಗ್ ಇಡು, ಸಣ್ಣದಾಗಿ. ಇನ್ನು ಎಳೀಬೇಡ ಕಣಮ್ಮ, ಅದೇ ಹೋಗುತ್ತೆ. ಎಳೆದರೆ ಅಂಚು ಹಪ್ಪಳದ ಥರ ಸೊಟ್ಟಗಾಗುತ್ತೆ." ಆನ್ ಪರ್ಸನ್ ಎಳೆ ಅಂದಳು, ಅಕ್ಕ ಎಳೀಬೇಡ ಅಂದರು. ಇಬ್ಬರೂ ಸರಿಯೇ, ಅವಳದು ನೇರ ಹೊಲಿಗೆ, ಇವರದು ಹಿಗ್ಗುವ ಹೊಲಿಗೆ.

ಭುಜದ ಹೊಲಿಗೆಯ ಜೊತೆ ತೆಳ್ಳಗಿನ ಟೇಪು ಸೇರಿಸಿದರು, ಜೋತು ಬೀಳದಿರಲಿ ಅಂತ. ಕುತ್ತಿಗೆಯ ಪಟ್ಟಿ ಕುತ್ತಿಗೆಯ ಸುತ್ತಳತೆಗಿಂತ ಕಡಿಮೆ ಇರಬೇಕು, ಸುಮಾರು ಐದರಲ್ಲಿ ನಾಲ್ಕು ಭಾಗ. ಆಗಲೇ ಅದು ಮೈಗೆ ಅಂಟಿ ಕೂರುವುದು. ಭುಜ, ಆಮೇಲೆ ಕುತ್ತಿಗೆ, ಆಮೇಲೆ ತೋಳನ್ನು ಚಪ್ಪಟೆಯಾಗಿರುವಾಗಲೇ ಕೂಡಿಸಬೇಕು. ಕೊನೆಗೆ ತೋಳಿನ ತುದಿಯಿಂದ ಸೊಂಟದವರೆಗೆ ಪಕ್ಕದ ಹೊಲಿಗೆ ಒಂದೇ ಓಟ.

ಭುಜ ಅವರು ನೋಡದೆಯೇ ಹೊಲಿದುಬಿಟ್ಟರು. ಕುತ್ತಿಗೆಗೆ ಬಂದಾಗ ಮಾತ್ರ ಕೈ ನಿಂತಿತು. ಪ್ಯಾಟರ್ನಿನ ಹಾಳೆ ಎತ್ತಿಕೊಂಡು ನನ್ನ ಜೊತೆ ಓದತೊಡಗಿದರು. "ನಾನು ಭುಜದ ಆಪರೇಶನ್ನು. ಹನ್ನೆರಡು ವರ್ಷ ಭುಜವೇ. ಕುತ್ತಿಗೆ ಬೇರೆಯೋರು, ತೋಳು ಬೇರೆಯೋರು. ಪೂರ್ತಿ ಟೀ-ಶರ್ಟು ಒಂದ್ಸಲಾನೂ ಹೊಲಿದಿಲ್ಲ ನೋಡು" ಅಂದರು.

1811ರಲ್ಲಿ ಕತ್ತರಿ ಕತ್ತರಿಸಿದ್ದು ಬಟ್ಟೆಯನ್ನಷ್ಟೇ ಅಲ್ಲ ಅಂತ ನನಗೆ ಆಗ ಅರ್ಥವಾಯಿತು. ಕಾಲುಚೀಲ ಪೂರ್ತಿ ಒಂದು ಕೈಯಲ್ಲಿತ್ತು. ಕತ್ತರಿಸಿದ ಮೇಲೆ ಕೆಲಸವೂ ತುಂಡಾಯಿತು, ತುಂಡಿಗೊಂದು ಕೂಲಿಯಾಯಿತು. ತುಂಡು ಮಾತ್ರ ಬಲ್ಲವರನ್ನು ಬದಲಾಯಿಸುವುದು ಸುಲಭ. ಲ್ಯಾಪ್‌ಟಾಪ್ ಮುಂದೆ ಕೂತು ದೊಡ್ಡ ಯಾವುದರದೋ ಒಂದು ಚೂರು ಮಾಡುವ ನಮಗೂ ಇದು ಹೊಸ ವಿಷಯವಲ್ಲ. ಬಟರಿಕ್‌ನ ಕಾಗದ ಇದಕ್ಕೆ ಉಲ್ಟಾ ದಿಕ್ಕಿನಲ್ಲಿ ಹೋಗುತ್ತದೆ. ತುಂಡು ತುಂಡಾಗಿ ಬರುತ್ತದೆ, ಆದರೆ ಎಲ್ಲ ತುಂಡೂ ಒಬ್ಬರ ಟೇಬಲ್ಲಿಗೇ ಬರುತ್ತವೆ. ನಮ್ಮ ಟೀ-ಶರ್ಟಿಗೆ ಆದ ಖರ್ಚಿನಲ್ಲಿ ಸೇಲಿನಲ್ಲಿ ಎರಡು ಸಿಗುತ್ತಿದ್ದವು. ಉಳಿತಾಯಕ್ಕಾಗಿ ಇದನ್ನು ಯಾರೂ ಮಾಡಬೇಕಿಲ್ಲ.

ನಾಲ್ಕು ಗಂಟೆಗೆ ಹೊಲಿಗೆ ಮುಗಿಯಿತು. ಅಕ್ಕ ಕೊನೆಯ ದಾರ ಕತ್ತರಿಸಿ, ಟೀ-ಶರ್ಟನ್ನು ಒಳಮುಖ ಮಾಡಿ ಬೆಳಕಿಗೆ ಹಿಡಿದರು. ಮೊದಲು ನೋಡಿದ್ದು ಭುಜವನ್ನೇ. ಆಮೇಲೆ ಕುತ್ತಿಗೆ, ತೋಳು, ಪಕ್ಕ, ಒಂದೊಂದಾಗಿ ಬೆರಳು ಆಡಿಸುತ್ತಾ ಬಂದರು. "ಆ ಹಾಳೆ ಇನ್ನೊಂದು ಸೆಟ್ ತೆಗೆದುಕೊಡ್ತೀಯಾ? ಮಗಳ ಅಳತೇದು" ಅಂದರು.

ಸೋಮವಾರ ಬೇಗ ಆಫೀಸಿಗೆ ಹೋದೆ. 22 ಹಾಳೆ.